ಸೀಟ್ ಬೆಲ್ಟಿಗೆ ಕಳೆದ ಐದು ಮಾರ್ಕು

ಬಹಳ ದಿನವಾಯ್ತು ಇಲ್ಲಿ ಬರೆದು. ನನಗೆ ಬರೆಯೋಕೆ ಒಂದಿಷ್ಟು ಸಿಟ್ಟು ಬೇಕು, ಇಲ್ಲದಿದ್ದರೆ ಕೈ ಓಡೋಲ್ಲ. ಹೋದ ತಿಂಗಳು ಅದು ಧಾರಾಳವಾಗಿ ಸಿಕ್ಕಿತು.

ಆದದ್ದಿಷ್ಟೇ. ಈ ಊರಿನಲ್ಲಿ ಹಳೇ ಕಾರುಗಳ ಒಂದು ಪ್ರದರ್ಶನ. ಗೆಳೆಯರೊಬ್ಬರು ಒತ್ತಾಯ ಮಾಡಿದರು ಅಂತ ನನ್ನ 1973ರ ಪ್ರೆಸಿಡೆಂಟ್ ತಗೊಂಡು ಹೋಗಿದ್ದೆ. (ಪದ್ಮಿನಿ ಅಂತ ಕರೀಬೇಡಿ ದಯವಿಟ್ಟು. ಅದೇ ಫಿಯಟ್ 1100ಕ್ಕೆ ಮೊದಲು ಡಿಲೈಟ್ ಅಂತ ಹೆಸರಿತ್ತು, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು, 1974ರಲ್ಲಿ ಪದ್ಮಿನಿ ಆಯ್ತು. ನನ್ನದು ನಡುವಿನ ಕೂಸು.) ಕೋಟು ಹಾಕಿಕೊಂಡ ಇಬ್ಬರು ಮಹನೀಯರು ಅಟ್ಟೆಗೆ ಕಾಗದ ಸಿಕ್ಕಿಸಿಕೊಂಡು ಬಂದರು. ಬಾನೆಟ್ ಎತ್ತಿಸಿದರು. ಬಗ್ಗಿ ಕೆಳಗೆ ನೋಡಿದರು. "ಇದೇನು ತಗಡು?" "ಸಂಪ್ ಗಾರ್ಡ್ ಸಾರ್, ಕಲ್ಲು ತಾಗಿ ಎಂಜಿನ್ನಿನ ಹೊಟ್ಟೆ ಒಡೀಬಾರದು ಅಂತ." "ಇದು ಕಂಪನಿಯಿಂದ ಬಂದದ್ದಲ್ಲ." ಬರೆದುಕೊಂಡರು. ಒಳಗೆ ಇಣುಕಿದರು. "ಇವು?" "ಸೀಟ್ ಬೆಲ್ಟು." "1973ರಲ್ಲಿ ಈ ಕಾರಿಗೆ ಸೀಟ್ ಬೆಲ್ಟ್ ಇರಲಿಲ್ಲ ಅಲ್ವೇ?" ಇರಲಿಲ್ಲ ಸ್ವಾಮಿ, ನಿಜ. ಐದು ಮಾರ್ಕು ಕಟ್!

ಪಕ್ಕದಲ್ಲಿ ಇನ್ನೊಂದು ಫಿಯಟ್ ನಿಂತಿತ್ತು. ಕನ್ನಡಿ ಹಾಗೆ ಹೊಳೀತಿತ್ತು, ಕ್ರೋಮಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅದು ಬಂದದ್ದು ಟ್ರೇಲರ್ ಮೇಲೆ, ಹೋದದ್ದೂ ಟ್ರೇಲರ್ ಮೇಲೆ. ಮೈದಾನದೊಳಗೆ ನಾಲ್ಕು ಹುಡುಗರು ತಳ್ಳಿ ನಿಲ್ಲಿಸಿದರು. ಬಹುಮಾನ ಅದಕ್ಕೆ. ಹೊಟ್ಟೆಕಿಚ್ಚು ಅಂತೀರಾ? ಇದ್ದೀತು, ನಾನೇನು ಸನ್ಯಾಸಿಯಲ್ಲ. ಆದರೂ ಪೂರ್ತಿ ಓದಿ, ಆಮೇಲೆ ಬೈಯಿರಿ.

ಆ ಪ್ರದರ್ಶನದ ಹೆಸರಿನಲ್ಲಿ 'ರ‍್ಯಾಲಿ' ಅನ್ನೋ ಶಬ್ದ ಇತ್ತು. ನನಗೆ ಕೆರಳಿದ್ದು ಮುಖ್ಯವಾಗಿ ಅದಕ್ಕೆ. ನಮ್ಮ ಕಡೆ ರ‍್ಯಾಲಿ ಅಂದರೆ ಏನು? ಪಕ್ಷದವರ ಮೆರವಣಿಗೆ. ಮುಂದೆ ಬ್ಯಾಂಡು, ಹಿಂದೆ ಬಾವುಟ, ನಡುವೆ ಕೈ ಬೀಸೋ ಮನುಷ್ಯ. ಹಳೇ ಕಾರಿನವರ ರ‍್ಯಾಲಿಯೂ ಹಾಗೇ ಆಗಿಬಿಟ್ಟಿದೆ. ಬೆಳಿಗ್ಗೆ ಒಬ್ಬ ಗಣ್ಯರು ಬಾವುಟ ಬೀಸೋದು, ಪೊಲೀಸ್ ಜೀಪಿನ ಹಿಂದೆ ನಾಲ್ಕಾರು ಕಿಲೋಮೀಟರ್ ಸಾಲಾಗಿ ಹೋಗೋದು, ಹೋಟೆಲಿನಲ್ಲಿ ತಿಂಡಿ, ಫೋಟೋ, ಮನೆಗೆ. ಇದಕ್ಕೆ ದಿಬ್ಬಣ ಅನ್ನಿ, ಉತ್ಸವ ಅನ್ನಿ, ನನ್ನ ತಕರಾರಿಲ್ಲ. ರ‍್ಯಾಲಿ ಅನ್ನಬೇಡಿ.

ರ‍್ಯಾಲಿ ಅಂದರೆ ಸ್ಪರ್ಧೆ. ಅದರಲ್ಲಿ ಎರಡು ಥರ. ಒಂದು ಬರೀ ವೇಗದ್ದು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿ, ಇವುಗಳ ಹೆಸರು ಕೇಳಿರುತ್ತೀರಿ. ರಸ್ತೆ ಮುಚ್ಚಿಸಿ, ಮಣ್ಣು ಹಾರಿಸಿ, ಸೆಕೆಂಡಿಗೆ ಸೆಕೆಂಡು ಹೊಡೆದಾಡೋ ಆಟ. ಅದು ಪ್ರಾಯದವರಿಗೆ, ದುಡ್ಡಿದ್ದವರಿಗೆ. ಇನ್ನೊಂದು ಟಿಎಸ್‌ಡಿ, ಅಂದರೆ ಸಮಯ-ವೇಗ-ದೂರದ ಲೆಕ್ಕದ ರ‍್ಯಾಲಿ. ನಮ್ಮಂಥ ಹವ್ಯಾಸಿಗಳದ್ದು. ಸಾಧಾರಣ ರಸ್ತೆ, ಸಾಧಾರಣ ಟ್ರಾಫಿಕ್ಕು, ಕಾನೂನು ಒಪ್ಪೋ ವೇಗ. ಹೊರಡುವಾಗ ಕೈಗೆ ಒಂದು ರೋಡ್ ಬುಕ್ ಕೊಡ್ತಾರೆ. ಅದರಲ್ಲಿ ಊರಿನ ಹೆಸರು ಕಮ್ಮಿ, ಚಿತ್ರ ಜಾಸ್ತಿ: ಒಂದು ಚುಕ್ಕೆ, ಅದರಿಂದ ಹೊರಟ ಬಾಣ, ಎಡಕ್ಕೆ ದಾರಿ, ಬಲಕ್ಕೆ ದಾರಿ. ಹಾಲೆಂಡಿನ ಟುಲಿಪ್ ರ‍್ಯಾಲಿಯಿಂದ ಬಂದದ್ದಕ್ಕೆ ಈ ಚಿತ್ರಗಳಿಗೆ ಟುಲಿಪ್ ಅಂತಲೇ ಹೆಸರು. ಈ ಹಂತಕ್ಕೆ ಸರಾಸರಿ 36 ಕಿ.ಮೀ. ವೇಗ ಅಂತ ಬರೆದಿದ್ದರೆ, ಒಂದು ಕಿ.ಮೀ.ಗೆ ಸರಿಯಾಗಿ 100 ಸೆಕೆಂಡು. 40 ಅಂತಿದ್ದರೆ 90 ಸೆಕೆಂಡು, 45ಕ್ಕೆ 80. ದಾರೀಲಿ ಎಲ್ಲೋ ಹುಣಸೆಮರದ ಕೆಳಗೆ ಗಡಿಯಾರ ಹಿಡಿದು ಕೂತಿರ್ತಾರೆ. ತಡವಾದರೆ ದಂಡ, ಬೇಗ ಬಂದರೂ ದಂಡ. ಅನೇಕ ಕಡೆ ಬೇಗ ಬಂದವನಿಗೇ ಜಾಸ್ತಿ ದಂಡ! ಓಡಿಸೋನು ಒಬ್ಬ, ಲೆಕ್ಕ ಹೇಳೋರು ಒಬ್ಬರು. ಲೆಕ್ಕ ಹೇಳೋರದೇ ರಾಜ್ಯ.

ಈ ಆಟಕ್ಕೆ ಹಳೇ ಕಾರು ಹೇಳಿ ಮಾಡಿಸಿದಂಥದ್ದು. 36 ಕಿ.ಮೀ. ಸರಾಸರಿಗೆ ಯಾವ ಮಹಾ ಶಕ್ತಿಯೂ ಬೇಡ, 1089 ಸಿಸಿ ಸಾಕು ಸಾಲದ್ದಕ್ಕೆ ಮಿಗುತ್ತೆ. ಆದರೆ ಕಾರು ಹೇಳಿದ ಹೊತ್ತಿಗೆ ಹೊರಡಬೇಕು, ನಿಲ್ಲು ಅಂದರೆ ನಿಲ್ಲಬೇಕು, ಬಿಸಿಲಲ್ಲಿ ಕೆಮ್ಮಬಾರದು, ಮೀಟರು ಸುಳ್ಳು ಹೇಳಬಾರದು. ಕಾರು ನಿಜಕ್ಕೂ ಸರಿಯಾಗಿದೆಯೋ ಇಲ್ಲವೋ ಅನ್ನೋದು ಎಂಟು ಗಂಟೆ ರಸ್ತೆ ಮೇಲಿದ್ದಾಗ ಗೊತ್ತಾಗುತ್ತೆ. ಮೈದಾನದ ಹುಲ್ಲಿನ ಮೇಲೆ ನಿಂತ ಕಾರಿಗೆ ಮಾರ್ಕು ಕೊಡೋದು, ಹಾಡದೇ ಇರೋ ಹಾಡುಗಾರನಿಗೆ ಜರತಾರಿ ನೋಡಿ ಬಹುಮಾನ ಕೊಟ್ಟ ಹಾಗೆ.

ನನ್ನ ಕಾರಿನ ಕತೆಗೆ ಬರ್ತೀನಿ. ನಾನು 1986ರಲ್ಲಿ ಹುಮನಾಬಾದಿನಿಂದ ಬಂದು ಗೌಳಿಗುಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಆ ದೊಡ್ಡ ತಗಡಿನ ಕಮಾನು ನಿಮಗೆ ನೆನಪಿರಬಹುದು, ಬೀದರ್, ಗುಲಬರ್ಗಾ ಕಡೆಯಿಂದ ಬಂದ ನಮ್ಮವರೆಲ್ಲ ಅದರ ಕೆಳಗೇ ಈ ಊರನ್ನು ಮೊದಲು ನೋಡಿದ್ದು. ನಿಜಾಮರ ಸರ್ಕಾರ 1932ರಲ್ಲಿ 27 ಬಸ್ಸುಗಳಿಂದ ಸಾರಿಗೆ ಇಲಾಖೆ ಶುರು ಮಾಡಿತ್ತು. ಆ ಕಾಲದ ನೆನಪಾಗಿ ಉಳಿದಿದ್ದ ಆ ಕಮಾನು 2018ರ ಜುಲೈಯಲ್ಲಿ ಒಂದು ಬೆಳಿಗ್ಗೆ ಕುಸಿದುಬಿತ್ತು. ಬಸ್ಸುಗಳನ್ನು ಮುಂಚೆಯೇ ಹೊರಗೆ ಕಳಿಸಿದ್ದರು, ಯಾರಿಗೂ ಏನೂ ಆಗಲಿಲ್ಲ. ಅವತ್ತಿನಿಂದ ಕೋಠಿಯಲ್ಲಿ ಏನಾದರೂ ಹಳೇದು ನಿಂತಿರೋದು ಕಂಡರೆ ನನಗೆ ಎದೆ ಢವ ಢವ ಅನ್ನುತ್ತೆ.

ಕಾರು ಸಿಕ್ಕಿದ್ದು ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಒಬ್ಬ ಡಾಕ್ಟರ ಮನೆ ಹಿತ್ತಲಿನ ಬೇವಿನ ಮರದ ಕೆಳಗೆ. ಹನ್ನೊಂದು ವರ್ಷ ನಿಂತಲ್ಲೇ ನಿಂತಿತ್ತು. ಡಾಕ್ಟರು ತೀರಿಕೊಂಡಿದ್ದರು, ಮಗ ಅಮೆರಿಕದಲ್ಲಿ. ಗುಜರಿಯವನು ಆಗಲೇ ಬೆಲೆ ಕಟ್ಟಿಯಾಗಿತ್ತು, ನಾನು ಅದರ ಮೇಲೆ ಐದು ಸಾವಿರ ಸೇರಿಸಿದೆ. ನಮ್ಮಾಕೆ ಒಂದು ವಾರ ಮಾತು ಬಿಟ್ಟಳು.

ಮೊದಲು ಒಬ್ಬ 'ರಿಸ್ಟೋರೇಶನ್' ಮಾಡೋರ ಹತ್ತಿರ ಹೋದೆ. ಅವರು ಕೊಟ್ಟ ಪಟ್ಟಿಯಲ್ಲಿ ಮೊದಲ ಆರು ಬಾಬತ್ತು ಬಣ್ಣ, ಕ್ರೋಮು, ಸೀಟಿನ ಬಟ್ಟೆ, ಬಾಗಿಲ ಬೀಡಿಂಗು, ಇಂಥವೇ. ಬ್ರೇಕು ಹತ್ತನೇದೋ ಹನ್ನೊಂದನೇದೋ. ಅಲ್ಲಿಂದ ಎದ್ದು ಪುತ್ಲಿಬೌಲಿ ಕಡೆ ಗಲ್ಲಿಯ ನಮ್ಮ ಉಸ್ತಾದರ ಹತ್ತಿರ ಬಂದೆ. ವಯಸ್ಸು ಎಪ್ಪತ್ತರ ಮೇಲೆ, ಅಂಗಡಿ ಅಂದರೆ ಒಂದು ಷಟರು ಮತ್ತು ಷಟರ ಮುಂದಿನ ರಸ್ತೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಬಣ್ಣದ ಕಡೆ ಕಣ್ಣೂ ಹಾಕದೆ ಹೇಳಿದ್ದು ಒಂದೇ ಮಾತು: "ಪೈಲೇ ರುಕ್ನಾ ಸೀಕ್‌ನಾ ಸಾಬ್, ಬಾದ್ ಮೇ ಚಲ್ನಾ." ಮೊದಲು ನಿಲ್ಲೋದು ಕಲೀಬೇಕು, ಓಡೋದು ಆಮೇಲೆ.

ಹಾಗಾಗಿ ಬ್ರೇಕಿನಿಂದ ಶುರು. ಆ ಕಾರಿಗೆ ನಾಲ್ಕೂ ಕಡೆ ಡ್ರಮ್ಮು. ಪೈಪಿನ ದಾರಿ ಒಂದೇ, ಅಂದರೆ ಎಲ್ಲಿ ಸೋರಿದರೂ ನಾಲ್ಕೂ ಗಾಲಿಯ ಬ್ರೇಕು ಒಟ್ಟಿಗೆ ಹೋಯ್ತು. ವೀಲ್ ಸಿಲಿಂಡರುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ರಬ್ಬರು, ಹೋಸು, ಮಾಸ್ಟರ್ ಸಿಲಿಂಡರು, ಎಲ್ಲ ಹೊಸದು. ಆಮೇಲೆ ನೆಲ. ಈ ಕಾರಿಗೆ ಲಾರಿ ಥರ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆ, ಜಾಕ್ ಕೊಡೋ ಜಾಗ ತುಕ್ಕು ತಿಂದರೆ ಮೇಲೆ ಎಷ್ಟು ಬಣ್ಣ ಬಳಿದರೂ ಅದು ಹೂ ಮುಡಿಸಿದ ಹೆಣ. ಮ್ಯಾಟ್ ಎತ್ತಿದಾಗ ಡ್ರೈವರ್ ಸೀಟಿನ ಕೆಳಗೆ ನನಗೆ ನೆಲದ ಮಣ್ಣು ಕಂಡಿತು. ಎರಡು ತಿಂಗಳು ಬರೀ ವೆಲ್ಡಿಂಗು.

ಎಂಜಿನ್ ಬಿಚ್ಚಿದಾಗ ಇನ್ನೊಂದು ಪಾಠ. ಅದು ಸೀಸದ ಪೆಟ್ರೋಲು ಕುಡಿದು ಬೆಳೆದ ಎಂಜಿನ್. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು, ಒಳ್ಳೇದೇ ಆಯ್ತು, ಆದರೆ ಹಳೇ ವಾಲ್ವ್ ಸೀಟುಗಳಿಗೆ ಆ ಸೀಸವೇ ಮೆತ್ತೆಯಾಗಿತ್ತು. ಗಟ್ಟಿ ಸೀಟು ಕೂರಿಸಬೇಕಾಯ್ತು. ಈಗ ಅದರ ಮೇಲೆ ಎಥನಾಲು. 2025ರ ಹೊತ್ತಿಗೆ ಬಂಕಿನಲ್ಲಿ ಶೇ. 20ರ ಮಿಶ್ರಣವೇ ಸಾಮಾನ್ಯ ಆಯ್ತಲ್ಲ, ಅದು ಹಳೇ ರಬ್ಬರಿನ ಪೈಪನ್ನೂ ಪಂಪಿನ ಡಯಾಫ್ರಾಮನ್ನೂ ಮೆಲ್ಲಗೆ ತಿನ್ನುತ್ತೆ. ಪೈಪು ಬದಲಿಸಿದೆವು, ಪಂಪಿನ ಪದರ ಬದಲಿಸಿದೆವು, ಸೋಲೆಕ್ಸ್ ಕಾರ್ಬುರೇಟರಿಗೆ ಒಂದು ನಂಬರ್ ದೊಡ್ಡ ಜೆಟ್ಟು ಹಾಕಿದೆವು. 'ಅಸಲಿ ಸ್ಥಿತಿ' ಅಂತ ಜಪ ಮಾಡೋರು ಇದಕ್ಕೆ ಏನಂತಾರೆ? ಕುಡಿಯೋ ಎಣ್ಣೆಯೇ ಅಸಲಿ ಅಲ್ಲದಾಗ ಪೈಪು ಮಾತ್ರ ಅಸಲಿ ಇಟ್ಟುಕೊಂಡು ರಸ್ತೆ ಮಧ್ಯೆ ಬೆಂಕಿ ಹತ್ತಿಸಿಕೊಳ್ಳೋದೇ?

ರ‍್ಯಾಲಿಗೆ ತಯಾರಿ ಅಂದರೆ ಜನ ದೊಡ್ಡ ಸೈಲೆನ್ಸರು, ಪಟ್ಟೆ ಪಟ್ಟೆ ಸ್ಟಿಕ್ಕರು ಅಂದುಕೊಳ್ತಾರೆ. ನಮ್ಮದು ಬಡವರ ತಯಾರಿ. ಸಂಪ್ ಗಾರ್ಡು. ಮುಂದೆ ಹಿಂದೆ ಎಳೆಯೋ ಕೊಂಡಿ. ಸೀಟ್ ಬೆಲ್ಟು, ಅದೂ ತೂತು ಕೊರೆದು ನಟ್ಟು ಬಿಗಿದದ್ದಲ್ಲ, ನೆಲದ ಕೆಳಗೆ ದಪ್ಪ ತಗಡು ಕೊಟ್ಟು ಬಿಗಿದದ್ದು. ಬ್ಯಾಟರಿ ಅಲ್ಲಾಡದ ಹಾಗೆ ಪಟ್ಟಿ. ಆಕ್ಸಿಲರೇಟರಿಗೆ ಎರಡನೇ ವಾಪಸ್ ಸ್ಪ್ರಿಂಗು. ಒಂದು ಮುರಿದರೆ ಇನ್ನೊಂದು ಎಳೆಯಬೇಕು. ಬೆಂಕಿ ಆರಿಸೋ ಸಿಲಿಂಡರು ಕೈಗೆ ಎಟುಕೋ ಜಾಗದಲ್ಲಿ. ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟು, ಪಾಯಿಂಟ್ ಸೆಟ್ಟು, ಕಂಡೆನ್ಸರು, ಒಂದಿಷ್ಟು ತಂತಿ. ದೂರ ಅಳೆಯೋಕೆ ವಿದೇಶಿ ಯಂತ್ರಗಳ ಬೆಲೆ ಕೇಳಿ ನಗು ಬಂತು. ಗುಜರಾತಿ ಗಲ್ಲಿಗೆ ಹೋದೆ, ಒಬ್ಬ ಹುಡುಗ ಸೈಕಲ್ಲಿಗೆ ಹಾಕೋ ಡಿಜಿಟಲ್ ಮೀಟರಿಗೆ ಉದ್ದ ವೈರು ಬೆಸುಗೆ ಹಾಕಿ ಕೊಟ್ಟ. ಮುಂದಿನ ಗಾಲಿಗೆ ಅಯಸ್ಕಾಂತ ಅಂಟಿಸಿದೆವು. ಬೇರಿಂಗು ರಾಣಿಗಂಜಿನಿಂದ. ಒಂದು ಹಳೇ ರಿಪೇರಿ ಪುಸ್ತಕ ಭಾನುವಾರ ಕೋಠಿಯ ಫುಟ್‌ಪಾತಿನ ರಾಶಿಯಲ್ಲೇ ಸಿಕ್ಕಿತು, ಎರಡು ಪುಟ ಇರಲಿಲ್ಲ, ಇಲ್ಲದ್ದು ಸ್ಟೀರಿಂಗಿನ ಪುಟಗಳೇ.

ಇದೆಲ್ಲ ಕೇಳಿ ನಮ್ಮ ಕನ್ನಡದವರ ಒಂದು ಕೂಟದಲ್ಲಿ ಹಿರಿಯರೊಬ್ಬರು ಕೇಳಿದರು: "ಅಲ್ರೀ, ಇಷ್ಟು ಖರ್ಚು ಮಾಡಿ ತಯಾರು ಮಾಡೀರಿ, ಅದನ್ನ ಒಯ್ದು ಮಣ್ಣಾಗ ಹಾಕ್ತೀರಲ್ಲ, ಜೀವ ಹ್ಯಾಂಗ ಬರ್ತದ್ರಿ ನಿಮಗ?" ಪ್ರಾಮಾಣಿಕ ಪ್ರಶ್ನೆ, ಪ್ರಾಮಾಣಿಕವಾಗೇ ಉತ್ತರ ಕೊಡಬೇಕು.

ಎಲ್ಲ ಹಳೇ ಕಾರನ್ನೂ ಓಡಿಸಿ ಅಂತ ನಾನು ಹೇಳ್ತಿಲ್ಲ. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇದೆ, ಹಳದಿ ಬಣ್ಣದ್ದು, ಒಳಗೆ ಸಿಂಹಾಸನದಂಥ ಆಸನ. ಆರನೇ ನಿಜಾಮರು ಆರ್ಡರ್ ಕೊಟ್ಟಿದ್ದರು, ಕಾರು ಬರುವ ಮೊದಲೇ 1911ರಲ್ಲಿ ತೀರಿಕೊಂಡರು. ಅಷ್ಟು ವರ್ಷದಲ್ಲಿ ಅದು ಓಡಿದ್ದು 356 ಮೈಲಿ ಅಂತಾರೆ. ಅಂಥದ್ದು ಒಂದೇ ಒಂದು. ಅದು ಅಲ್ಲೇ ಇರಲಿ, ನಮ್ಮ ಮೊಮ್ಮಕ್ಕಳು ನೋಡಲಿ. ಆದರೆ ನನ್ನ ಫಿಯಟ್ಟು ಸಿಂಹಾಸನ ಅಲ್ಲ ಸ್ವಾಮಿ. ಕುರ್ಲಾದ ಕಾರ್ಖಾನೆಯಿಂದ ದಿನಾ ಸಾಲಾಗಿ ಹೊರಟು ಬಂದ, ಡಾಕ್ಟರ ಮನೆ, ವಕೀಲರ ಮನೆ, ಟ್ಯಾಕ್ಸಿ ಸ್ಟ್ಯಾಂಡು ಅಂತ ದುಡಿದ ಗಾಡಿ. ಆರು ಜನ ದೊಡ್ಡವರು, ನಾಲ್ಕು ಮಕ್ಕಳು, ಒಂದು ಹೋಲ್ಡಾಲು ಹೇರಿಕೊಂಡು ತಿರುಪತಿಗೆ ಹೋಗಿ ಬಂದ ಜಾತಿ. ಅದಕ್ಕೆ ರಾಜರ ಕಾರಿನ ಮಡಿ ಹೇರೋದು ಯಾಕೆ?

ಮತ್ತೆ ರ‍್ಯಾಲಿ ಅಂದರೆ ರಾಜರದೂ ಅಲ್ಲ. 1965ರ ಪೂರ್ವ ಆಫ್ರಿಕಾ ಸಫಾರಿ ರ‍್ಯಾಲಿ ಗೆದ್ದದ್ದು ಕೀನ್ಯಾದ ಜೋಗಿಂದರ್ ಸಿಂಗ್, ತಮ್ಮ ಜಸ್ವಂತ್ ಜೊತೆ. ನಮ್ಮ ಹಾಗೇ ಊರು ಬಿಟ್ಟು ಹೋಗಿ ನೆಲೆ ನಿಂತವರ ಮನೆಯ ಹುಡುಗ, ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಬೆಳೆದವನು. ಓಡಿಸಿದ್ದು ವೋಲ್ವೋ ಪಿವಿ544, ಅದೂ ಕಂಪನಿ ತಂಡ ಓಡಿಸಿ ಬಿಟ್ಟ ಹಳೇ ಕಾರು. ಮಳೆಗಾಲದ ಕೆಸರಲ್ಲಿ ದೊಡ್ಡ ದೊಡ್ಡ ಕಂಪನಿಗಳ ಹೊಸ ಕಾರುಗಳನ್ನ ಹಿಂದೆ ಹಾಕಿ ಬಂದ. ಆಮೇಲೆ 1974 ಮತ್ತು 1976ರಲ್ಲೂ ಗೆದ್ದ. 1968ರಲ್ಲಿ ಲಂಡನ್ನಿನಿಂದ ಹೊರಟು ನಮ್ಮ ಮುಂಬೈ ಮೇಲೆ ಹಾದು ಸಿಡ್ನಿಗೆ ಹೋದ ಮ್ಯಾರಥಾನ್ ರ‍್ಯಾಲಿ ಗೆದ್ದದ್ದು ಹಿಲ್‌ಮನ್ ಹಂಟರ್, ಅಪ್ಪಟ ಸಂಸಾರಸ್ಥರ ಕಾರು.

ಬೆಲೆಬಾಳೋ ಕಾರು ಓಡಿಸಬಾರದು ಅನ್ನೋ ವಾದವೂ ನಿಲ್ಲೋಲ್ಲ. ಇಟಲಿಯ ಮಿಲ್ಲೆ ಮಿಲ್ಯಾ 1927ರಿಂದ 1957ರವರೆಗೆ ಅಸಲಿ ರೇಸು. ಸಾವು ನೋವು ಆಗಿ ನಿಂತಿತು. 1977ರಿಂದ ಅದೇ ಹೆಸರಲ್ಲಿ ನಡೀತಿರೋದು ಸಮಯ ಪಾಲಿಸೋ ರ‍್ಯಾಲಿ. ಬ್ರೆಸ್ಚಿಯಾದಿಂದ ರೋಮಿಗೆ ಹೋಗಿ ವಾಪಸ್ಸು. ಕೋಟಿ ಕೋಟಿ ಬೆಲೆಯ ಕಾರುಗಳು ಮಳೆಯಲ್ಲಿ ನೆನೆದು, ಕೆಸರು ಮೆತ್ತಿಕೊಂಡು, ಲಾರಿಗಳ ನಡುವೆ ಓಡ್ತವೆ. 1950ರ ದಶಕದಲ್ಲಿ ಆ ಮೂಲ ರೇಸಿನಲ್ಲಿ ಓಡಿದ್ದರಲ್ಲಿ ಫಿಯಟ್ 1100 ಕೂಡ ಇತ್ತು, ಅಂದರೆ ನಮ್ಮ ಪದ್ಮಿನಿಯ ಅಣ್ಣ! ಮಾಂಟೆ ಕಾರ್ಲೋದವರೂ 1998ರಿಂದ ಹಳೇ ಕಾರುಗಳಿಗೇ ಅಂತ ಹಿಮದ ಘಟ್ಟದಲ್ಲಿ ಇಂಥದ್ದೇ ಸಮಯದ ರ‍್ಯಾಲಿ ನಡೆಸ್ತಾರೆ. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಹಳೇ ಕಾರಿಗೆ ಪಾಸ್‌ಪೋರ್ಟ್ ಥರದ ದಾಖಲೆ ಕೊಡುತ್ತೆ. ಅದರ ಪ್ರಕಾರ ಆ ಕಾಲದ ಸ್ಪರ್ಧೆಗಳಲ್ಲಿ ಆ ಮಾದರಿ ಹೇಗೆ ತಯಾರಾಗಿ ಓಡಿತ್ತೋ ಅದೂ ಅಸಲಿಯೇ. ಬೆಲ್ಟು, ಬೆಂಕಿ ಸಿಲಿಂಡರು, ಒಳಗಿನ ಕಬ್ಬಿಣದ ಪಂಜರ ಇವೆಲ್ಲ ಸುರಕ್ಷತೆಯ ಬಾಬತ್ತು, ಅವು ಬೇಕು ಅಂತ ಅವರೇ ಹೇಳ್ತಾರೆ. ನಮ್ಮಲ್ಲಿ ಅದಕ್ಕೇ ಮಾರ್ಕು ಕಟ್.

ಇನ್ನು ನಮ್ಮ ಕಾಯಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಕ್ಕೆ ನಿಯಮ ತಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನ ಬದಲಾವಣೆ ಸೇರಿ ದೊಡ್ಡ ಓವರ್‌ಹಾಲ್ ಆಗಿರಬಾರದು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ 'ವಿಎ' ಅಂತ ಅಕ್ಷರ ಬರುತ್ತೆ. ಮತ್ತೆ ದಿನಬಳಕೆಗೆ ರಸ್ತೆಗೆ ಇಳಿಸುವ ಹಾಗಿಲ್ಲ. ಪ್ರದರ್ಶನ, ಸಂಶೋಧನೆ, ವಿಂಟೇಜ್ ರ‍್ಯಾಲಿ, ಪೆಟ್ರೋಲು ಹಾಕಿಸೋದು, ರಿಪೇರಿ, ಇಷ್ಟಕ್ಕೆ ಮಾತ್ರ. ನಿಯಮ ತಂದದ್ದಕ್ಕೆ ಸಂತೋಷ, ಗುಜರಿಯಿಂದ ಎಷ್ಟೋ ಕಾರು ಉಳಿದವು. ಆದರೆ ನೋಡಿ, ನಿಂತು ನಿಂತು ನೆಲ ತಿಂದುಹೋದ ಕಾರಿಗೆ ಹೊಸ ನೆಲ ಬೆಸೆದರೆ ಅದು ದೊಡ್ಡ ಓವರ್‌ಹಾಲೋ ಅಲ್ಲವೋ? ಅದನ್ನ ತೀರ್ಮಾನ ಮಾಡೋರು ಯಾರು, ಕೋಟಿನ ಮಹನೀಯರೇ? ರ‍್ಯಾಲಿಗೆ ಹೋಗಬಹುದು ಅಂತೀರಿ, ರ‍್ಯಾಲಿಗೆ ಬೇಕಾದ ಹಾಗೆ ಮೈ ಗಟ್ಟಿ ಮಾಡಬಾರದು ಅಂದರೆ ಹೇಗೆ? ಇಲ್ಲಿಯೂ ರ‍್ಯಾಲಿ ಅಂದರೆ ಮೆರವಣಿಗೆ ಅಂತಲೇ ಅವರ ಮನಸ್ಸಿನಲ್ಲಿ ಇರೋದು.

ಹಾಗಂತ ನಾನು ವಿಎ ನಂಬರಿಗೆ ಹೋಗಲಿಲ್ಲ. ಸಾಧಾರಣ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಬಂದಿದ್ದೀನಿ, ತರಕಾರಿಗೂ ಅದರಲ್ಲೇ ಹೋಗಬೇಕು ಅಂತ. ಆ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಲ್ಲಿ 5,000 ಆಯ್ತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯ್ತು. ಹೊಗೆ ಕಾರೋ ಗಾಡಿ ರಸ್ತೆಯಿಂದ ಹೋಗಲಿ ಅನ್ನೋದು ಸರಿಯೇ, ಈ ಊರಿನ ಗಾಳಿ ನಾನೂ ಕುಡೀತೀನಿ. ಆದರೆ ತಿಂಗಳಿಗೆ ನೂರೈವತ್ತು ಕಿಲೋಮೀಟರ್ ಓಡೋ, ಟ್ಯೂನಿಂಗ್ ಸರಿಯಿರೋ ಒಂದು ಫಿಯಟ್ಟನ್ನೂ ದಿನಾ ಕಪ್ಪು ಹೊಗೆ ಬಿಡೋ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ?

ನನ್ನ ನಿಜವಾದ ಜಗಳ ಇನ್ನೂ ಬಂದಿಲ್ಲ. ಈಗ ಬರುತ್ತೆ. ಷೋ ಕಾರಿಗೆ ಯಾರ ಕೆಲಸ ಬೇಕು? ಬಣ್ಣದವನು, ಕ್ರೋಮಿನವನು, ಸೀಟು ಹೊಲಿಯೋನು. ಒಂದು ಸಲ. ಆಮೇಲೆ ಬಟ್ಟೆ ಹೊದಿಸಿ ಇಟ್ಟರೆ ಹತ್ತು ವರ್ಷ ಯಾರೂ ಬೇಡ. ಓಡೋ ಕಾರಿಗೆ? ರೇಡಿಯೇಟರು ಬೆಸೆಯೋನು ಬೇಕು. ಸ್ಪ್ರಿಂಗ್ ಪಟ್ಟಿ ಬಗ್ಗಿಸೋನು ಬೇಕು. ಬ್ರೇಕ್ ಡ್ರಮ್ಮು ಲೇತಿಗೆ ಹಾಕೋನು ಬೇಕು. ಕಿಂಗ್ ಪಿನ್ನಿನ ಬುಷ್ಷಿಗೆ ರೀಮರ್ ಹಾಕಿ, ಕೈಯ ಹದದಲ್ಲೇ ಬಿಗಿ ನೋಡೋನು ಬೇಕು. ನಮ್ಮ ಉಸ್ತಾದರಿಗೆ ಗೊತ್ತಿದ್ದ ಹಾಗೆ ಈ ಸುತ್ತಿನಲ್ಲಿ ಆ ಕೆಲಸ ಬರೋರು ಇಬ್ಬರೇ ಇದ್ದರು. ಒಬ್ಬರು 2021ರಲ್ಲಿ ಹೋದರು. ಇನ್ನೊಬ್ಬರು ಇವರೇ, ಎಡಗಣ್ಣಿಗೆ ಪೊರೆ ಬಂದಿದೆ. ಮಗ ಏಸಿ ಫಿಟ್ಟಿಂಗ್ ಮಾಡ್ತಾನೆ, ಕಲಿಯೋಕೆ ಬಂದ ಹುಡುಗರು ಮೊಬೈಲ್ ರಿಪೇರಿಗೆ ಹೋದರು. ಅವರದೇನು ತಪ್ಪು? ವರ್ಷಕ್ಕೆ ನಾಲ್ಕು ಕಾರು ಬಂದರೆ ಯಾರ ಹೊಟ್ಟೆ ತುಂಬುತ್ತೆ? ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು ಇದ್ದಷ್ಟು ದಿನ ಸಾಮಾನು ಬರ್ತಿತ್ತು, ಕೈಗೆ ಕೆಲಸ ಇತ್ತು. 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳ ಕಾಲವೂ ಮುಗೀತು. ಈಗ ನಮ್ಮಂಥ ಹವ್ಯಾಸಿಗಳು ಓಡಿಸಿ, ಸವೆಸಿ, ಮುರಿದುಕೊಂಡು ಬಂದರೆ ಆ ಕೈಗಳಿಗೆ ಕೆಲಸ. ಇಲ್ಲಾಂದರೆ ಇನ್ನು ಹದಿನೈದು ವರ್ಷಕ್ಕೆ ಹೊಳೆಯೋ ಕಾರುಗಳು ಬೇಕಾದಷ್ಟು ಇರ್ತವೆ, ಒಂದನ್ನೂ ಸ್ಟಾರ್ಟ್ ಮಾಡಿ ಘಟ್ಟ ಹತ್ತಿಸೋರು ಇರೋಲ್ಲ. ಕಾರು ಉಳಿಸ್ತೀವಿ ಅಂತ ಹೊರಟವರು ಈ ಲೆಕ್ಕ ಒಂದು ದಿನವಾದರೂ ಹಾಕಿದ್ದಾರಾ?

(ಇದು ಕಾರಿನ ಮಾತೊಂದೇ ಅಲ್ಲ ಅಂತ ನಿಮಗೂ ಅನಿಸಿರಬಹುದು. ನವೆಂಬರ್ ಒಂದಕ್ಕೆ ಶಾಲು ಹೊದ್ದು ಹಳದಿ-ಕೆಂಪು ಬಾವುಟದ ಕೆಳಗೆ ಕನ್ನಡ ಕನ್ನಡ ಅಂತ ಕೂಗಿ, ಮನೆಗೆ ಬಂದು ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಜಗಳ ಆಡೋ ನಮ್ಮ ಪೈಕಿ ಎಷ್ಟು ಜನ ಇಲ್ಲ? ಟ್ರೇಲರ್ ಮೇಲಿನ ಫಿಯಟ್ಟು. ನನ್ನ ಮನೆಯೂ ಇದರಲ್ಲಿ ಸೇರಿದೆ, ಸಿಟ್ಟಾಗಬೇಡಿ.)

ಮಾತಾಡಿದ್ದು ಸಾಕು ಅಂತ ಹೋದ ಚಳಿಗಾಲದಲ್ಲಿ ನಾವು ಎಂಟು ಕಾರಿನವರು ಸೇರಿ ಒಂದು ಭಾನುವಾರ ಸಣ್ಣ ಟಿಎಸ್‌ಡಿ ಮಾಡಿಕೊಂಡೆವು. ಬಹುಮಾನ ಇಲ್ಲ, ಬಾವುಟ ಇಲ್ಲ, ಗಣ್ಯರೂ ಇಲ್ಲ. ಮೂರು ಫಿಯಟ್ಟು, ಎರಡು ಅಂಬಾಸಿಡರು, ಒಂದು ಹೆರಾಲ್ಡು, ಒಂದು ಜೀಪು, ಒಂದು ಮೊದಲ ಕಾಲದ ಮಾರುತಿ 800. (1983ರ ಡಿಸೆಂಬರಿನಲ್ಲಿ ಹುಟ್ಟಿದ ಮಾರುತಿಯೂ ಹಳೇದಾಯ್ತು, ನಾವೆಷ್ಟರವರು!) ದಾರಿ ಬಿಜಾಪುರದ ರಸ್ತೆ. ಚೇವೆಳ್ಳದ ಆಲದ ಮರಗಳ ಕೆಳಗೆ ಹಾದು, ವಿಕಾರಾಬಾದು, ಮೂಸಿ ನದಿ ಹುಟ್ಟೋ ಅನಂತಗಿರಿ ಗುಡ್ಡ, ಅಲ್ಲಿಂದ ತಾಂಡೂರು, ಅದನ್ನ ದಾಟಿ ಕನ್ನಡದ ಬೋರ್ಡು ಕಾಣೋ ಮೊದಲ ಹೋಟೆಲಿನವರೆಗೆ.

ಲೆಕ್ಕ ಹೇಳೋಕೆ ನಮ್ಮಾಕೆ. ಬ್ಯಾಂಕ್ ಸ್ಟ್ರೀಟಿನ ಒಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕ್ಯಾಶ್ ಟ್ಯಾಲಿ ಮಾಡಿದ ಕೈ. ಹೊರಡುವ ಮೊದಲು ಅಳತೆ ಮಾಡಿಟ್ಟ ಹತ್ತು ಕಿಲೋಮೀಟರ್ ಓಡಿಸಿ ನೋಡಿದೆವು, ಕಾರಿನ ಮೀಟರು 10.4 ತೋರಿಸಿತು. "ರೀ, ನಿಮ್ಮ ಕಾರು ನಿಮ್ಮ ಹಾಗೇ ಸ್ವಲ್ಪ ಹೆಚ್ಚು ಹೇಳುತ್ತೆ" ಅಂದಳು. ತಮಾಷೆ ಅಲ್ಲ ಇದು. ತಿದ್ದಿಕೊಳ್ಳದೆ ಹೋದರೆ ಮೀಟರಿನಲ್ಲಿ 25 ಕಿ.ಮೀ. ಆದಾಗ ನಿಜಕ್ಕೂ ಹೋಗಿರೋದು 24, ಅಂದರೆ 36ರ ಸರಾಸರಿಯಲ್ಲಿ ಒಂದೂವರೆ ನಿಮಿಷಕ್ಕೂ ಮಿಕ್ಕಿ ತಪ್ಪು. ಅವಳು ಒಂದು ನೋಟ್ ಬುಕ್ಕಿನಲ್ಲಿ ಅರ್ಧರ್ಧ ಕಿಲೋಮೀಟರಿಗೂ ತಿದ್ದಿದ ಪಟ್ಟಿ ಬರೆದುಕೊಂಡಳು. ಚೇವೆಳ್ಳದವರೆಗೆ ನಾವು ಹನ್ನೆರಡು ಸೆಕೆಂಡು ತಪ್ಪಿದ್ದು. ಅಷ್ಟೇ!

ಅನಂತಗಿರಿ ಏರಿನಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆವು. ಎಂಜಿನ್ ಕಾದು, ಪಂಪಿನಲ್ಲಿ ಪೆಟ್ರೋಲು ಆವಿಯಾಗಿ, ಕಾರು ಎರಡು ಸಲ ಬಿಕ್ಕಿ ನಿಂತಿತು. ಫಿಯಟ್ ಇಟ್ಟವರಿಗೆಲ್ಲ ಗೊತ್ತಿರೋ ಮದ್ದು, ಪಂಪಿನ ಮೇಲೆ ಒದ್ದೆ ಬಟ್ಟೆ. ನಮ್ಮಾಕೆಯ ಕುಡಿಯೋ ನೀರು, ನನ್ನ ಟವಲ್ಲು. ಏಳು ನಿಮಿಷ ಹೋಯ್ತು. ಇಳಿಜಾರಿನಲ್ಲಿ ಆ ಏಳು ನಿಮಿಷ ವಾಪಸ್ ಗಳಿಸೋಣ ಅಂತ ನಾನು ಕಾಲು ಒತ್ತಿದೆ. ತಿರುವಿನಲ್ಲಿ ಎಮ್ಮೆ. ನಿಂತಿತು ಕಾರು, ನೇರವಾಗಿ, ಎಳೆಯದೆ, ಜಾರದೆ. ನಾವಿಬ್ಬರೂ ಮುಂದಕ್ಕೆ ಹೋದೆವು, ಬೆಲ್ಟು ಹಿಡಿಯಿತು. ಎಮ್ಮೆ ನಮ್ಮನ್ನ ನೋಡಿ, ಯೋಚನೆ ಮಾಡಿ, ನಿಧಾನಕ್ಕೆ ದಾಟಿತು. ನಮ್ಮಾಕೆ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಮೂವತ್ತಾರರಲ್ಲೇ ಹೋಗ್ರಿ, ದಂಡ ಬಿದ್ದರೆ ಬೀಳಲಿ" ಅಂದಳು.

ಎಂಟರಲ್ಲಿ ಐದನೆಯವರಾದೆವು. ಗೆದ್ದದ್ದು ಹೆರಾಲ್ಡು, ಅದರ ಬಣ್ಣ ಎಲ್ಲ ಹಪ್ಪಳ ಎದ್ದಿದೆ. ಒಂದು ಅಂಬಾಸಿಡರು ತಾಂಡೂರಿನಲ್ಲಿ ಕ್ಲಚ್ಚು ಬಿಟ್ಟಿತು, ಪರಸಿ ಕಲ್ಲು ಹೊರೋ ಲಾರಿಗಳ ಮೆಕ್ಯಾನಿಕ್ ಒಬ್ಬ ಒಂದು ಗಂಟೆಯಲ್ಲಿ ಸರಿ ಮಾಡಿದ, ದುಡ್ಡು ಕೊಟ್ಟರೆ ಅರ್ಧ ವಾಪಸ್ ಕೊಟ್ಟು, ತನ್ನ ತಂದೆಗೆ ಇಂಥದ್ದೇ ಗಾಡಿ ಇತ್ತು ಅಂದ.

ಸೋಮವಾರ ಉಸ್ತಾದರ ಹತ್ತಿರ ಹೋಗಿ ಪಂಪಿನ ವಿಷಯ ಹೇಳಿದೆ, ಎಮ್ಮೆ ವಿಷಯವನ್ನೂ ಹೇಳಿದೆ. ಅವರು ಪಂಪಿನ ಬಗ್ಗೆ ಏನೂ ಕೇಳಲಿಲ್ಲ. "ಸೀದಾ ರುಕ್ಕಿ?" ಅಂದರು. ನೇರವಾಗಿ ನಿಂತಿತಾ? ಹೌದು ಅಂದೆ. ಚಹಾ ತರಿಸಿದರು. ಆಮೇಲೆ ಪಂಪಿಗೂ ಎಂಜಿನ್ನಿಗೂ ನಡುವೆ ಕೊಡೋಕೆ ಒಂದು ದಪ್ಪ ಫೈಬರ್ ತುಂಡು ಕತ್ತರಿಸೋಕೆ ಶುರು ಮಾಡಿದರು, ಒಂದೇ ಕಣ್ಣಲ್ಲಿ ಅಳತೆ ನೋಡಿಕೊಂಡು.

ಮುಂದಿನ ಸುತ್ತು ಸಂಕ್ರಾಂತಿ ಆದ ಮೇಲೆ, ಈ ಸಲ ಜಹೀರಾಬಾದಿನ ಮೇಲೆ ಬೀದರಿಗೆ. ಕ್ಲಚ್ಚು ಬಿಟ್ಟ ಅಂಬಾಸಿಡರಿನ ಗೆಳೆಯರಿಗೆ ಲೆಕ್ಕ ಹೇಳೋರು ಒಬ್ಬರು ಬೇಕಾಗಿದ್ದಾರೆ. ಕಾರಿನ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ನಡೆಯುತ್ತೆ, ಮಗ್ಗಿ ಬರಬೇಕು, ವಾಂತಿ ಬರಬಾರದು. ಬೆಲ್ಟು ಹಾಕಿಸಿದ್ದಾರೆ.